ಇಂಗಿನ ವಾಸನೆಯ ವಿಳಾಸಗಳು

ಪೆಟ್ಟಿಗೆ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಇಂಗಿನ ವಾಸನೆ. ಒಳಗಿದ್ದವು ಎಂಟುನೂರು ಚಿಲ್ಲರೆ ಅಮೆರಿಕನ್ ಗಂಡಸರ ಹೆಸರು, ವಿಳಾಸ ಬರೆದ ಕಾರ್ಡುಗಳು. ಅವರಿಗೂ ಇಂಗಿಗೂ ಏನು ನಂಟು ಎಂದು ನಿಮಗೆ ಅನ್ನಿಸಬಹುದು. ನಂಟು ನಮ್ಮ ಅವ್ವ. ಮೂರು ಡ್ರಾಯರುಗಳ ಆ ಮರದ ಪೆಟ್ಟಿಗೆ ಆರು ವರ್ಷ ಅವಳ ಒಲೆಯ ಪಕ್ಕದ ಕಪಾಟಿನ ಮೇಲೆ ಕೂತು ದಿನದಿನದ ಒಗ್ಗರಣೆಯ ಹೊಗೆ ಕುಡಿದಿತ್ತು. ಕಳೆದ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಇಲ್ಲಿ ಅಮೆರಿಕದ ಬ್ರಿಡ್ಜ್‌ವಾಟರಿನ ನನ್ನ ಮನೆಯ ಬೇಸ್‌ಮೆಂಟಿನಲ್ಲಿ, ಮಕ್ಕಳ ಹಳೆಯ ಬೂಟುಗಳ ಹಿಂದೆ ಅವಳ ಸಾಮಾನಿನ ಜೊತೆ ಬಿದ್ದಿದ್ದ ಪೆಟ್ಟಿಗೆಯನ್ನು ನಾನಾಗಿ ತೆಗೆಯುತ್ತಿರಲಿಲ್ಲ. ಕಾಲೇಜು ಹುಡುಗನೊಬ್ಬ ಫೋನ್ ಮಾಡಿದ. ಎಂದೋ ಮುಚ್ಚಿಹೋದ ಅವರ ಫ್ರಟರ್ನಿಟಿಯನ್ನು ಮತ್ತೆ ತೆರೆಯುತ್ತಿದ್ದಾರಂತೆ, ಹಳಬರನ್ನೆಲ್ಲ ಹುಡುಕಿ ಒಂದುಗೂಡಿಸುವ ಕೆಲಸ ಅವನ ಪಾಲಿಗೆ ಬಂದಿದೆಯಂತೆ. "ಮ್ಯಾಮ್, ಹಳೆಯ ವಿಳಾಸಗಳು ನಿಮ್ಮ ತಾಯಿಯ ಹತ್ತಿರ ಇವೆ ಅಂತ ಯಾರೋ ಹೇಳಿದರು" ಎಂದ. ತಿಂಗಳ ಕೊನೆಯ ಶನಿವಾರ ಬಾ ಎಂದೆ.

ಫ್ರಟರ್ನಿಟಿ ಎಂದರೆ ಇಲ್ಲಿನ ಕಾಲೇಜು ಹುಡುಗರ ಒಂದು ಬಳಗ. ಮೂರು ಗ್ರೀಕ್ ಅಕ್ಷರಗಳ ಹೆಸರು, ಒಂದು ದೊಡ್ಡ ಮನೆ, ಅದರೊಳಗೆ ಮೂವತ್ತು ನಲವತ್ತು ಹುಡುಗರು. ಒಮ್ಮೆ ಸೇರಿದವನು ಸಾಯುವ ತನಕ ಉಳಿದವರಿಗೆಲ್ಲ ಬ್ರದರ್. ಅಂಥ ಮನೆಯ ಹಿಂಭಾಗದಲ್ಲಿ, ಅಡುಗೆಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ, ಧಾರವಾಡದ ವಿಧವೆಯೊಬ್ಬಳು ಮಗಳನ್ನು ಕಟ್ಟಿಕೊಂಡು ಬದುಕಿದಳೆಂದರೆ ನಮ್ಮ ಕನ್ನಡದ ಜನ ಈಗಲೂ ನಂಬುವುದಿಲ್ಲ. ಅಪ್ಪ ಇಂಜಿನಿಯರ್. ನನಗೆ ಏಳು ವರ್ಷವಿದ್ದಾಗ ಹೈವೇಯಲ್ಲಿ ಕಾರು ಉರುಳಿ ತೀರಿಕೊಂಡ. ಅಷ್ಟು ಹೊತ್ತಿಗೆ ಅವ್ವನಿಗೆ ಗ್ರೀನ್ ಕಾರ್ಡ್ ಬಂದಿತ್ತು, ಇಂಗ್ಲಿಷ್ ಬಂದಿರಲಿಲ್ಲ. ಗೊತ್ತಿದ್ದ ಕೆಲಸ ಅಡುಗೆಯೊಂದೇ, ಕೆಲಸದ ಜೊತೆಗೆ ಇರಲು ಜಾಗ ಕೊಟ್ಟದ್ದು ಆ ಮನೆಯೊಂದೇ. "ಯಾರರೆ ಕೇಳಿದ್ರ ನಮ್ಮವ್ವ ಕಾಲೇಜಿನಾಗ ಕೆಲಸ ಮಾಡ್ತಾಳ ಅಂತ ಹೇಳು, ಸುಳ್ಳೇನಲ್ಲ" ಎಂದು ನನಗೆ ಕಲಿಸಿಕೊಟ್ಟಿದ್ದಳು.

ಆ ಮನೆಗೆ ಚೆಲ್ಲಿದ ಬಿಯರಿನ, ಒದ್ದೆ ಬೂಟುಗಳ, ನೆಲ ಒರೆಸುವ ದ್ರಾವಣದ ವಾಸನೆ ಇತ್ತು. ಅಡುಗೆಮನೆಯ ಬಾಗಿಲು ದಾಟಿದರೆ ಮಾತ್ರ ಈರುಳ್ಳಿ ಬಾಡಿಸಿದ ವಾಸನೆ. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಅವ್ವ ಹುಡುಗರಿಗಾಗಿ ಕೋಳಿ ಬೇಯಿಸುತ್ತಿದ್ದಳು, ಬಣ್ಣ ನೋಡಿ, ವಾಸನೆ ನೋಡಿ. ರುಚಿ ನೋಡಲು ಮಾತ್ರ ಯಾರಾದರೂ ಬೇಕಿತ್ತು. ಎದುರಿಗೆ ಸಿಕ್ಕ ಹುಡುಗನನ್ನು ಹಿಡಿದು ನಿಲ್ಲಿಸಿ, ಸೌಟು ಮುಂದೆ ಹಿಡಿದು "ಸಾಲ್ಟ್ ನೋಡು" ಅನ್ನುವಳು. ಅವಳ ಪೂರ್ತಿ ಹೆಸರು ಯಾರ ನಾಲಿಗೆಗೂ ಹೊರಳದೆ ಎಲ್ಲರಿಗೂ ಮಿಸೆಸ್ ಕೆ ಆಗಿದ್ದಳು. ಮಹಡಿ ಹತ್ತಕೂಡದು, ಮಹಡಿಯ ಮೇಲಿನದು ಕೇಳಕೂಡದು ಎಂಬುದು ಅವಳಿಗೆ ಮೊದಲ ದಿನವೇ ಹೇಳಿದ ನಿಯಮ.

ಪೆಟ್ಟಿಗೆಯ ಒಡೆಯರು ಮಿಸ್ಟರ್ ಡೋನೊವನ್. ಅದೇ ಮನೆಯಲ್ಲಿ ಓದಿ ಹೋಗಿ, ನಿವೃತ್ತರಾದ ಮೇಲೆ ಹಳಬರಿಗೆಲ್ಲ ಪತ್ರ ಹಾಕುವುದನ್ನೇ ಉದ್ಯೋಗ ಮಾಡಿಕೊಂಡ ಮುದುಕರು. ಮಂಗಳವಾರ ಮಧ್ಯಾಹ್ನ ಬಂದು ಅಡುಗೆಮನೆಯ ಮೇಜಿನ ಮೇಲೆ ಡ್ರಾಯರುಗಳನ್ನು ಹರಡುತ್ತಿದ್ದರು. ಬೇರೆ ಕಡೆ ಬೆಚ್ಚಗಿರಲಿಲ್ಲ, ಅವ್ವನ ಚಹಾವೂ ಸಿಗುತ್ತಿರಲಿಲ್ಲ. ಮೊದಲ ಡ್ರಾಯರಿನಲ್ಲಿ ವಿಳಾಸ ಗೊತ್ತಿದ್ದವರು, ಎರಡನೆಯದರಲ್ಲಿ ಎಲ್ಲಿದ್ದಾರೆಂದು ತಿಳಿಯದವರು, ಮೂರನೆಯದರಲ್ಲಿ ತೀರಿಕೊಂಡವರು. ಶರತ್ಕಾಲದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಕಾಲೇಜಿಗೆ ಬರುವ ಹೋಮ್‌ಕಮಿಂಗ್ ಹಬ್ಬಕ್ಕೆ ಮುಂಚೆ ಎಲ್ಲರಿಗೂ ಪತ್ರ ಹೋಗಬೇಕು. ಮಡಿಸಿದ್ದು, ಗೋಂದು ನೆಕ್ಕಿ ಅಂಟಿಸಿದ್ದು ನಾನು. ಅಂಚೆಯವರು ಹಳದಿ ಚೀಟಿ ಹಚ್ಚಿ ಹಿಂತಿರುಗಿಸಿದ ಲಕೋಟೆಗಳನ್ನು ಓದುತ್ತಿದ್ದವಳೂ ನಾನೇ. ಚೀಟಿಯಲ್ಲಿ ಹೊಸ ವಿಳಾಸವಿದ್ದರೆ ಕಾರ್ಡು ತಿದ್ದಬೇಕು, ಇಲ್ಲದಿದ್ದರೆ ನಡುವಿನ ಡ್ರಾಯರಿಗೆ ಹಾಕಬೇಕು. ಕಾರ್ಡನ್ನು ಎಸೆಯುವುದು ಮಾತ್ರ ಯಾವ ಕಾರಣಕ್ಕೂ ಇಲ್ಲ. ಆ ಮುದುಕರ ಶಿಸ್ತು ನನಗೆ ಬಹಳ ಹಿಡಿಸಿತ್ತು, ಏಕೆಂದರೆ ನಮ್ಮ ಅಪ್ಪ ಸತ್ತ ಮೇಲೆ ನಮಗೆ ಪತ್ರ ಹಾಕಿದವರು ಬಹಳ ಕಡಿಮೆ.

ನನಗೆ ಹನ್ನೊಂದು ವರ್ಷವಾದಾಗ ಡ್ಯಾನಿ ಹ್ಯಾಲೊರನ್ ಬಂದ. ಕೆಂಪು ಕಿವಿಗಳ, ಸಣಕಲು ಹುಡುಗ. ಹೊಸಬರನ್ನು ಕೂಡಲೇ ಬ್ರದರ್ ಮಾಡಿಕೊಳ್ಳುವುದಿಲ್ಲ, ಕೆಲವು ವಾರ ಚಾಕರಿ ಮಾಡಿಸಿ, ಗೋಳು ಹೊಯ್ದುಕೊಂಡು ಪರೀಕ್ಷಿಸುತ್ತಾರೆ. ಡ್ಯಾನಿಯ ಪಾಲಿಗೆ ಪಾತ್ರೆ ತೊಳೆಯುವ ಕೆಲಸ ಬಂತು. ಅವ್ವ ಅವನಿಗೆ ಚುರಮುರಿ ಒಗ್ಗರಣೆ ಹಾಕಿಕೊಟ್ಟಳು, ಅವನು ಅವಳಿಗೆ ಖಾಯಂ ಉಪ್ಪು ನೋಡುವವನಾದ. "ಉಪ್ಪು ಸರಿ, ಮಿಸೆಸ್ ಕೆ" ಎಂದು ಕನ್ನಡದಲ್ಲೇ ಹೇಳುತ್ತಿದ್ದ. ಮೊದಲ ವಾರವೇ ಹೊಸಬರೆಲ್ಲ ತಮ್ಮ ಊರ ಮನೆಯ ವಿಳಾಸ ಹಾಕಿ ಕಾರ್ಡುಗಳನ್ನು ಸ್ವಂತ ಕೈಯಲ್ಲಿ ಬರೆದು ಕೊಟ್ಟಿದ್ದರು. ಅವರು ಬ್ರದರ್ ಆಗುವ ತನಕ ಆ ಕಾರ್ಡುಗಳು ರಬ್ಬರ್ ಬ್ಯಾಂಡ್ ಹಾಕಿದ ಕಟ್ಟಾಗಿ ಪೆಟ್ಟಿಗೆಯ ಮೇಲೆಯೇ ಇರುತ್ತಿದ್ದವು.

ನವೆಂಬರಿನ ಒಂದು ಬೆಳಿಗ್ಗೆ ಐದೂವರೆಗೆ ಅವ್ವ ಅಡುಗೆಮನೆಯ ದೀಪ ಹಾಕಿದಾಗ ಡ್ಯಾನಿ ಉಗ್ರಾಣದ ಪಕ್ಕದ ಬೆಂಚಿನ ಮೇಲೆ ಅಂಗಾತ ಮಲಗಿದ್ದ. ಮೈಯೆಲ್ಲ ಮದ್ಯದ ವಾಸನೆ, ರಾತ್ರಿ ಮಹಡಿಯ ಮೇಲೆ ಹೊಸಬರಿಗೆ ಕುಡಿಸಿ ಪರೀಕ್ಷಿಸಿದ್ದರು. ದೊಡ್ಡದಾಗಿ ಗೊರಕೆ ಹೊಡೆಯುತ್ತಿದ್ದ. ಅವ್ವ ನಮ್ಮ ಕೋಣೆಯಿಂದ ಕೌದಿ ತಂದು ಹೊದಿಸಿದಳು. ಅಜ್ಜಿ ತನ್ನ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದುಕೊಟ್ಟ ಕೌದಿ ಅದು. ನಾನು ಕಣ್ಣುಜ್ಜಿಕೊಂಡು ಬಂದಾಗ ಅವ್ವ ಬೆರಳು ತುಟಿಗಿಟ್ಟು, "ಸಾವಕಾಶ, ಹುಡುಗ ಮಲಗ್ಯಾನ. ಎಬ್ಬಸಬ್ಯಾಡ ಪಾಪ" ಎಂದಳು. ಅಂದು ಅವಳು ಪಾತ್ರೆಗೆ ಪಾತ್ರೆ ತಾಗದ ಹಾಗೆ ಮೂವತ್ತೈದು ಜನರ ತಿಂಡಿ ಮಾಡಿದಳು. ನಾನು ಅವನ ಕಾಲ ಬಳಿಯ ಸ್ಟೂಲಿನ ಮೇಲೆ ಕೂತು ಸೀರಿಯಲ್ ತಿಂದೆ. ಏಳು ಗಂಟೆಗೆ ಉಪ್ಪು ನೋಡಲು ಅವನನ್ನು ಎಬ್ಬಿಸಲು ಹೋದಳು. ಗೊರಕೆ ಯಾವಾಗ ನಿಂತಿತ್ತೋ ನಾವಿಬ್ಬರೂ ಗಮನಿಸಿರಲಿಲ್ಲ.

ಆಂಬುಲೆನ್ಸಿನವರು ಅವನನ್ನು ಕೌದಿಯ ಸಮೇತ ಎತ್ತಿಕೊಂಡು ಹೋದರು. ಪೊಲೀಸರು ಅವ್ವನನ್ನು ಕೇಳಿದ್ದು ಒಂದೇ: ಹುಡುಗ ಏಳುವುದಿಲ್ಲ ಎಂದು ಗೊತ್ತಾದದ್ದು ಎಷ್ಟು ಹೊತ್ತಿಗೆ? ಏಳು ಎಂದಳು. ಫ್ರಟರ್ನಿಟಿಯ ವಕೀಲ ಪಕ್ಕದಲ್ಲೇ ಕೂತಿದ್ದ, ಕೇಳಿದ್ದಕ್ಕಿಂತ ಹೆಚ್ಚು ಹೇಳಬೇಡಿ ಎಂದು ಮೊದಲೇ ತಾಕೀತು ಮಾಡಿದ್ದ. ಐದೂವರೆಯ ವಿಷಯ ಯಾರೂ ಕೇಳಲಿಲ್ಲ. ಹುಡುಗರಿಗೆ ಬುದ್ಧಿ ಹೇಳಲು ಕಾಲೇಜಿನಿಂದ ಒಬ್ಬ ನರ್ಸ್ ಬಂದಳು. ಅಷ್ಟು ಕುಡಿದವನ ಗೊರಕೆ ನಿದ್ದೆಯದಲ್ಲ, ಉಸಿರು ಸಿಗದ ಒದ್ದಾಟ, ಆಗಲೇ ಆಂಬುಲೆನ್ಸ್ ಕರೆಯಬೇಕು ಎಂದಳು. ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಅವ್ವ, "ಏನಂದ್ಲಕಿ?" ಎಂದು ಕೇಳಿದಳು. ನಾನು ಒಂದು ಅಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಜಾಣೆ ಎನ್ನಿಸಿಕೊಳ್ಳುವ ಚಟ ನನಗೆ. ಅವ್ವ ಸೌಟನ್ನು ಮೆಲ್ಲನೆ ಕೆಳಗಿಟ್ಟಳು.  ಆಮೇಲೆ ಬಹಳ ದಿನ, ಮಲಗಿದರೆ ನನ್ನ ಉಸಿರಿನ ಸದ್ದಿಗೂ ಎದ್ದು ಕೂರುತ್ತಿದ್ದಳು.

ಮನೆಯಲ್ಲಿ ಡ್ಯಾನಿಯ ಹೆಸರು ಎತ್ತುವಂತಿರಲಿಲ್ಲ. ವಕೀಲರ ಅಪ್ಪಣೆ. ಅವನ ತಂದೆ ಮಾಡಿದ ಫೋನುಗಳಿಗೂ ಯಾರೂ ಉತ್ತರ ಕೊಡಲಿಲ್ಲ. ಉಳಿದ ಹೊಸಬರನ್ನು ವಸಂತದಲ್ಲಿ ಸದ್ದುಗದ್ದಲವಿಲ್ಲದೆ ಬ್ರದರ್ ಮಾಡಿಕೊಂಡರು. ಮಿಸ್ಟರ್ ಡೋನೊವನ್ ಆ ಹುಡುಗರ ಕಾರ್ಡುಗಳ ಕಟ್ಟನ್ನು ನನ್ನ ಮುಂದೆ ತಳ್ಳಿ, ಜೋಡಿಸಿಡು ಎಂದರು. ರಬ್ಬರ್ ಬ್ಯಾಂಡ್ ಬಿಚ್ಚಿದಾಗ ಡ್ಯಾನಿಯ ಓರೆ ಅಕ್ಷರಗಳೂ ಅಲ್ಲಿದ್ದವು. ಮೂರನೆಯ ಡ್ರಾಯರು ಸತ್ತ ಬ್ರದರುಗಳಿಗೆ, ಅವನು ಬ್ರದರ್ ಆಗಿರಲೇ ಇಲ್ಲ. ಎಲ್ಲಿದ್ದಾನೆಂದು ಗೊತ್ತಿದ್ದವನನ್ನು ಎರಡನೆಯದಕ್ಕೆ ಹಾಕುವುದು ಹೇಗೆ? ಎಸೆಯುವಂತೆಯೂ ಇಲ್ಲ. ಮೊದಲ ಡ್ರಾಯರಿನಲ್ಲಿ, ಅವನ ಅಕ್ಷರ ಬರುವ ಕಡೆ ಇಟ್ಟುಬಿಟ್ಟೆ. ಆಗಸ್ಟಿನಲ್ಲಿ ಎಲ್ಲರ ಜೊತೆ ಅವನ ಲಕೋಟೆಯನ್ನೂ ನಾನೇ ಅಂಟಿಸಿದೆ. ಪ್ರಿಯ ಬ್ರದರ್, ನಿನ್ನ ಮನೆ ನಿನ್ನ ದಾರಿ ಕಾಯುತ್ತಿದೆ, ತಪ್ಪದೆ ಬಾ ಎಂದು ಅದರಲ್ಲಿ ಅಚ್ಚಾಗಿತ್ತು.

ಹೋಮ್‌ಕಮಿಂಗ್ ದಿನ ಮಧ್ಯಾಹ್ನ ಎಲ್ಲರೂ ಫುಟ್‌ಬಾಲ್ ನೋಡಲು ಹೋಗಿದ್ದಾಗ ಹಿಂಬಾಗಿಲು ಬಡಿದ ಸದ್ದಾಯಿತು. ಕಂದು ಕಾಗದದ ಚೀಲ ಹಿಡಿದ ಒಬ್ಬ ಎತ್ತರದ ಮನುಷ್ಯ. ಕಿವಿ ನೋಡಿಯೇ ಯಾರೆಂದು ಗೊತ್ತಾಯಿತು. ಜೇಬಿನಿಂದ ನಮ್ಮ ಪತ್ರ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ನಾನು ಬಾಗಿಲ ಸಂದಿಗೆ ಸರಿದೆ. "ಈ ಮನೆಯಿಂದ ನಮಗೆ ಬಂದದ್ದು ಇದೊಂದೇ" ಎಂದರು. ಆಮೇಲೆ ಚೀಲದಿಂದ ಕೌದಿ ತೆಗೆದರು. ಆಸ್ಪತ್ರೆಯವರು ಮಗನ ಬಟ್ಟೆಗಳ ಜೊತೆ ಕೊಟ್ಟಿದ್ದರಂತೆ, ಹೆಂಡತಿ ಒಗೆದು ಇಟ್ಟಿದ್ದಳಂತೆ. "ಇದನ್ನು ಯಾರದೋ ತಾಯಿ ಹೊಲಿದದ್ದು ಅಂತಾಳೆ ನನ್ನ ಹೆಂಡತಿ. ಅವನಿಗೆ ಹೊದಿಸಿದವರು ಯಾರು?"

ಅವ್ವ ಮುಂದೆ ಬಂದು ತನ್ನ ಎದೆ ಮುಟ್ಟಿ ತೋರಿಸಿದಳು. ಅವರು ಬೆಂಚಿನ ಮೇಲೆ ಕೂತರು, ಅದೇ ಬೆಂಚಿನ ಮೇಲೆ. "ಆಗ ಅವನು ಹೇಗಿದ್ದ? ಏನಾದರೂ ಸದ್ದು ಮಾಡುತ್ತಿದ್ದನೇ?" ಎಂದು ಕೇಳಿದರು. ಅವ್ವ ಇಂಗ್ಲಿಷಿನಲ್ಲಿ ಎರಡು ಮಾತು ಶುರುಮಾಡಿ, ತಡವರಿಸಿ, ನನ್ನ ಕಡೆ ತಿರುಗಿದಳು. "ಪದ್ದಿ, ನೀ ಹೇಳು. ಐದೂವರಿಗೆ ಗೊರಕಿ ಹೊಡೀಲಿಕ್ಕತ್ತಿದ್ದ, ನಾ ನಿದ್ದಿ ಅಂತ ತಿಳಕೊಂಡೆ, ಯಾರನ್ನೂ ಕರೀಲಿಲ್ಲ ಅಂತ ಹೇಳು. ಇದ್ದದ್ದು ಇದ್ದಂಗ ಹೇಳು."  ನರ್ಸಿನ ಮಾತನ್ನು ಇದ್ದದ್ದು ಇದ್ದಂತೆ ಹೇಳಿದ್ದರ ಫಲ ನಾನು ಕಣ್ಣಾರೆ ಕಂಡಿದ್ದೆ. ಅವ್ವನನ್ನು ಪೊಲೀಸರು ಕರೆದೊಯ್ಯುತ್ತಾರೆ, ನನಗೆ ಯಾರೂ ಉಳಿಯುವುದಿಲ್ಲ ಎಂಬ ಭಯ ನನಗೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಯಾವ ಸದ್ದೂ ಇರಲಿಲ್ಲ. ಅವನು ಆಗಲೇ ತಣ್ಣಗಿದ್ದ. ಅಮ್ಮ ಅವನಿಗೆ ಚಳಿಯಾಗಿದೆ ಅಂದುಕೊಂಡು ಹೊದಿಸಿದಳು."

 "ಹಾಗಾದರೆ ಆಗ ಯಾರಿಂದಲೂ ಏನೂ ಆಗುತ್ತಿರಲಿಲ್ಲ" ಎಂದರು ಅವರು, ತಮಗೆ ತಾವೇ ಎಂಬಂತೆ. ಮೈಯಿಂದ ಏನೋ ಇಳಿದುಹೋದಂತೆ ಅವರ ಭುಜಗಳು ಕುಸಿದವು. ಅಷ್ಟು ಇಂಗ್ಲಿಷ್ ಅವ್ವನಿಗೂ ಅರ್ಥವಾಗುತ್ತಿತ್ತು. ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತೋ ಸಂಕಟವಿತ್ತೋ ನನಗೆ ಇಂದಿಗೂ ಬಗೆಹರಿದಿಲ್ಲ. ಕೌದಿಯನ್ನು ಮಡಿಸಿ ಅವರ ಕೈಗೇ ವಾಪಸು ಇಟ್ಟಳು. ಅವರು ಅದನ್ನು ಎದೆಗವಚಿಕೊಂಡು ಹಿಂಬಾಗಿಲಿಂದಲೇ ಹೋದರು.

ಆ ಚಳಿಗಾಲ, ಡ್ಯಾನಿಯ ಸಾವಿನ ಕಾರಣಕ್ಕೆ ಕಾಲೇಜು ಫ್ರಟರ್ನಿಟಿಯನ್ನು ಮುಚ್ಚಿಸಿತು. ಮಿಸ್ಟರ್ ಡೋನೊವನ್ ಪೆಟ್ಟಿಗೆಯನ್ನು ಅವ್ವನ ಕೈಗಿತ್ತು, ನಿಮ್ಮ ಹತ್ತಿರ ಇದ್ದರೆ ಯಾರೂ ಎಸೆಯುವುದಿಲ್ಲ ಎಂದರು. ಮುಂದಿನ ವರ್ಷ ಅವರೂ ಹೋದರು, ಅವರ ಕಾರ್ಡನ್ನು ಅವ್ವ ಮೂರನೆಯ ಡ್ರಾಯರಿಗೆ ಹಾಕಿದಳು. ಮನೆ ಕೆಡವಿದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ನಾವು ಐಸೆಲಿನ್‌ಗೆ ಬಂದೆವು, ಅವ್ವ ಮಿಠಾಯಿ ಅಂಗಡಿಯೊಂದರ ಅಡುಗೆಗೆ ಸೇರಿದಳು. ಗುಜರಾತಿಗಳೇ ತುಂಬಿದ ಆ ಊರಲ್ಲಿ ಇಂಗ್ಲಿಷ್ ಬೇಕೇ ಇರಲಿಲ್ಲ, ಅರೆಬರೆ ಗುಜರಾತಿ ಸಾಕಿತ್ತು. ಆದರೂ ಎರಡು ಚಳಿಗಾಲ ಲೈಬ್ರರಿಯ ಇಂಗ್ಲಿಷ್ ಕ್ಲಾಸಿಗೆ ಹಿಮದಲ್ಲಿ ನಡೆದುಕೊಂಡು ಹೋದಳು. "ಈ ವಯಸ್ಸಿನಾಗ ಯಾರಿಗೆ ಪತ್ರ ಬರೀಬೇಕಾಗೇದ ನಿನಗ?" ಎಂದು ನಾನು ಗೇಲಿ ಮಾಡುತ್ತಿದ್ದೆ. "ಇದ್ದಾರ ಒಬ್ರು" ಅನ್ನುತ್ತಿದ್ದಳು. ಧಾರವಾಡದ ಯಾವುದೋ ಹಳೆಯ ಗೆಳತಿಯ ಅಮೆರಿಕದ ಸೊಸೆ ಇರಬಹುದು ಎಂದುಕೊಂಡು ಸುಮ್ಮನಾಗಿದ್ದೆ.

ಬೇಸ್‌ಮೆಂಟಿನಲ್ಲಿ ಕೂತು ಡ್ಯಾನಿಯ ಕಾರ್ಡು ಹುಡುಕಿದೆ. ನಾನಿಟ್ಟಲ್ಲೇ ಇತ್ತು. ಅವನ ಓರೆ ಅಕ್ಷರದ ವಿಳಾಸವನ್ನು ಹೊಡೆದುಹಾಕಿ ಕೆಳಗೆ ಅವ್ವ ಇನ್ನೊಂದನ್ನು, ಅದರ ಕೆಳಗೆ ಮತ್ತೊಂದನ್ನು ಬರೆದಿದ್ದಳು. ಕಾರ್ಡಿನ ಹಿಂಬದಿಯಲ್ಲಿ ಅವಳ ದುಂಡು ಕನ್ನಡ ಅಕ್ಷರ: "ಗೊರಕಿ ಕೇಳಸ್ತಿತ್ತು ಅಂತ ನಾನ ಇಂಗ್ಲೀಷಿನಾಗ ಬರದು ತಿಳಿಸೇನಿ. ಪದ್ದಿ ಸಣ್ಣಾಕಿ, ಹೆದರಿದ್ಲು ಅಂತನೂ ಬರದೇನಿ." ಅದಕ್ಕೆ ಸಿಕ್ಕಿಸಿದ ಎರಡು ಚೀಟಿಗಳು ಡ್ಯಾನಿಯ ತಂದೆಯ ಕೈಬರಹದವು. ಮೊದಲನೆಯದು: ನಿಮ್ಮ ಪತ್ರ ಓದಿದೆ, ಉತ್ತರ ಬರೆಯಲು ನನ್ನಿಂದ ಆಗುತ್ತಿಲ್ಲ, ನಾವು ಮನೆ ಬದಲಿಸುತ್ತಿದ್ದೇವೆ, ಹೊಸ ವಿಳಾಸ ಇದು. ಎರಡನೆಯದು ಬಹಳ ವರ್ಷಗಳ ಮೇಲಿನದಿರಬೇಕು, ಅಕ್ಷರ ನಡುಗಿತ್ತು: ಹೆಂಡತಿ ಹೋದಳು, ವೃದ್ಧರ ನಿವಾಸದಲ್ಲಿ ಒಂದೇ ಕೋಣೆ, ಎಲ್ಲ ಸಾಮಾನು ಕೊಟ್ಟುಬಿಟ್ಟೆ, ಕೌದಿ ಮಾತ್ರ ತಂದಿದ್ದೇನೆ. ಅಲ್ಲೇ ಕೂತು ಅತ್ತೆ. ಅವ್ವನೂ ಅವರೂ ನಿಜವನ್ನು ಹಂಚಿಕೊಂಡು ಬದುಕಿದ್ದರು, ಆ ಸುಳ್ಳನ್ನು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದವಳು ನಾನೊಬ್ಬಳೇ.

ಅಂದೇ ಅವರ ಆ ಕೊನೆಯ ವಿಳಾಸಕ್ಕೆ ಪತ್ರ ಬರೆದೆ. ಸದ್ದು ಇರಲಿಲ್ಲ ಎಂದವಳು ನಾನು, ಅವ್ವ ಹಾಗೆ ಹೇಳು ಅಂದಿರಲಿಲ್ಲ ಎಂದು ಬರೆದೆ. ನಿನ್ನೆ ಲಕೋಟೆ ಹಳದಿ ಚೀಟಿ ಹಚ್ಚಿಸಿಕೊಂಡು ಹಿಂತಿರುಗಿ ಬಂತು. ಹೊಸ ವಿಳಾಸ ಇರಲಿಲ್ಲ. ಕಾರ್ಡು ಹಿಡಿದು ಮೂರು ಡ್ರಾಯರುಗಳ ಮುಂದೆ ನಿಂತಾಗ ಹನ್ನೊಂದು ವರ್ಷದವಳಿಗೆ ತಿಳಿಯದ್ದು ನನಗೂ ತಿಳಿಯಲಿಲ್ಲ. ಮೊದಲ ಡ್ರಾಯರಿನಲ್ಲೇ, ಹಳೆಯ ಜಾಗದಲ್ಲಿಟ್ಟು, ಹಿಂತಿರುಗಿದ ಪತ್ರವನ್ನು ಅದರ ಹಿಂದೆ ಸೇರಿಸಿದೆ. ನಾಳೆ ಶನಿವಾರ. ಆ ಹುಡುಗ ಬಂದರೆ ಕೂರಿಸಿ, ಕಾಫಿ ಕೊಟ್ಟು, ಎಲ್ಲಕ್ಕಿಂತ ಮೊದಲು ಈ ಕಾರ್ಡು ತೋರಿಸುತ್ತೇನೆ. ಅವನು ಕೇಳಲಿ, ಬಿಡಲಿ, ಬೆಳಗಿನ ಐದೂವರೆಯಿಂದಲೇ ಶುರುಮಾಡಿ ಹೇಳುತ್ತೇನೆ.