ಕುಂಕುಮ ಹಚ್ಚಿದ ಗಾಲ್ಫ್ ಕೋಲು

ಮರುದಿನ ಬೆಳಿಗ್ಗೆ ಮೈಸೂರಿನಲ್ಲಿ ನನ್ನ ಗಾಲ್ಫ್ ಪಂದ್ಯ. ನನ್ನ ದುಬಾರಿ ಕೋಲುಗಳ ಚೀಲವನ್ನು ವಿಮಾನದವರು ಬೇರೆ ಯಾವುದೋ ಊರಿಗೆ ಕಳಿಸಿಬಿಟ್ಟಿದ್ದರು. ದಾರಿಯಲ್ಲಿ ಮದ್ದೂರಿನ ಹೋಟೆಲಿನಲ್ಲಿ ವಡೆ ಮುಂದಿಟ್ಟುಕೊಂಡು ಫೋನಿನಲ್ಲಿ ಅವರನ್ನು ಬೈಯುತ್ತಿದ್ದೆ.

"ಗಾಲ್ಫ್ ಕೋಲಾ? ನಮ್ಮನೇಲವೆ, ಬನ್ನಿ ಕಣಮ್ಮ," ಎಂದರು ಪಕ್ಕದ ಮೇಜಿನಲ್ಲಿದ್ದ ಒಬ್ಬರು. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸವಂತೆ. ಟಿವಿಯಲ್ಲಿ ಆಟ ನೋಡಿ ಆಸೆಯಾಗಿ, ಇದ್ದುದರಲ್ಲೇ ಅಗ್ಗದ ಸೆಟ್ಟು ತರಿಸಿ, ಕಬ್ಬು ಕಡಿದ ಗದ್ದೆಯಲ್ಲಿ ಒಬ್ಬರೇ ಆಡುತ್ತಾರಂತೆ.

ಅವರ ಮನೆಗೆ ಹೋದೆ. ಕೋಲುಗಳ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು.

"ತಕ್ಕೊಂಡೋಗವ್ವ, ಗದ್ದೇಲಿ ಚೆಂಡು ಉಡ್ಕಿ ಉಡ್ಕಿ ನಂಗೂ ಸಾಕಾಗೈತೆ," ಎಂದರು ಅವರ ಹೆಂಡತಿ.

"ಕುಂಕುಮ ಮಾತ್ರ ಒರಸ್ಬ್ಯಾಡಿ," ಎಂದರು ಯಜಮಾನರು. ನನ್ನ ಹೆಸರನ್ನೂ ಕೇಳಲಿಲ್ಲ.

ಮೈದಾನದಲ್ಲಿ ಜೊತೆಗಾರ್ತಿಯೊಬ್ಬಳು ಕುಂಕುಮವನ್ನೇ ನೋಡುತ್ತಾ, "ಇದ್ಯಾವ ಬ್ರ್ಯಾಂಡು?" ಎಂದಳು. "ಗೆಜ್ಜಲಗೆರೆ," ಎಂದೆ. ಗೊತ್ತು ಎನ್ನುವಂತೆ ತಲೆಯಾಡಿಸಿದಳು.

ದೂರದ ಹೊಡೆತ ಸ್ವಲ್ಪ ಮೊಟಕಾಯಿತು, ನಿಜ. ಉಳಿದಂತೆ ನನಗೆ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ದುಬಾರಿ ಕೋಲಿನಲ್ಲಿ ಪ್ರತಿಸಲ ಚೆಂಡು ಬೀಳಿಸುವ ಕೊಳಕ್ಕೇ ಈ ಸಲವೂ ಬೀಳಿಸಿದೆ. ಆದರೂ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಬೇಕಾಗಿದ್ದವಳು, ಆ ಪುಣ್ಯಾತ್ಮರಿಂದಾಗಿ ಕೊನೆಯವರೆಗೂ ಆಡಿದೆ. ಇಷ್ಟು ಸಂತೋಷವಾಗಿ ನಾನು ಯಾವತ್ತೂ ಸೋತಿರಲಿಲ್ಲ.