ಕಾವಿನ ಪೆಟ್ಟಿಗೆಯ ಬತ್ತಿ

ಖಾನಾಪುರದಲ್ಲಿ ಅವನನ್ನು ಎಲ್ಲರೂ ಕಾವಿನ ಬೀರಣ್ಣ ಎಂದೇ ಕರೆಯುತ್ತಿದ್ದರು. ಹುಟ್ಟಿದ್ದು ಹತ್ತಿರದ ಬೀಡಿ ಎಂಬ ಊರಿನ ಕುರುಬರ ಮನೆಯಲ್ಲಿ. ಕುರಿಯ ಕಿವಿ ಮುಟ್ಟಿದರೆ ಸಾಕು, ಜ್ವರ ಬಂದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಆದರೆ ಇಪ್ಪತ್ತೆಂಟನೇ ವಯಸ್ಸಿನಲ್ಲಿ ಗಾಡಿ ಮಗುಚಿ ಬಲಗಾಲು ಮುರಿಯಿತು. ಕೂಡಿಕೊಂಡಿತಾದರೂ ಗಿಡ್ಡವಾಗಿ ಕೂಡಿಕೊಂಡಿತು. ಹಿಂಡಿನ ಹಿಂದೆ ನಡೆಯಲಾಗದ ಕುರುಬನಿಗೆ ಅಣ್ಣಂದಿರ ಮನೆಯ ಕಟ್ಟೆಯ ಮೇಲೆ ಕೂತು ಉಣ್ಣುವುದೊಂದೇ ಉಳಿಯಿತು. ಅಣ್ಣಂದಿರು ಒಳ್ಳೆಯವರೇ. ಅತ್ತಿಗೆಯರು ತಾಟು ಇಡುವ ಸದ್ದು ಮಾತ್ರ ದಿನದಿನಕ್ಕೆ ಜೋರಾಗುತ್ತ ಹೋಯಿತು. ಆ ಸದ್ದನ್ನು ಬೀರಣ್ಣ ಸಾಯುವವರೆಗೂ ಮರೆಯಲಿಲ್ಲ.

ಅಲ್ಲಿಂದ ಅವನನ್ನು ಎಬ್ಬಿಸಿದ್ದು ಬೆಳಗಾವಿಯ ಸದಾಶಿವನಗರದ ಲಕ್ಷ್ಮಪ್ಪ. ಸೈನ್ಯದ ಪಲ್ಟಣದಿಂದ ನಿವೃತ್ತರಾಗಿ ಬಂದು, ಕೋಳಿ ಸಾಕಣೆಯ ಹುಚ್ಚು ಹಿಡಿಸಿಕೊಂಡಿದ್ದ ಮನುಷ್ಯ. ಇನ್ನೂರ ನಲವತ್ತು ಮೊಟ್ಟೆ ಹಿಡಿಸುವ ಮರದ ಪೆಟ್ಟಿಗೆಯೊಂದನ್ನು ಎಲ್ಲಿಂದಲೋ ತರಿಸಿ, ಖಾನಾಪುರದ ಒಂದು ಕೋಣೆಯಲ್ಲಿ ಇಡಿಸಿ, ಬೀರಣ್ಣ ಮತ್ತು ಅವನ ಹೆಂಡತಿ ಸಾತವ್ವನನ್ನು ಅದರ ಕಾವಲಿಗೆ ಹಾಕಿದರು. ಪೆಟ್ಟಿಗೆಯ ಬದಿಗೆ ಸೀಮೆಎಣ್ಣೆ ದೀಪ, ಒಳಗೆ ನೀರಿನ ತಟ್ಟೆ, ಗಾಜಿನ ಕಿಂಡಿಯ ಹಿಂದೆ ಎರಡು ಥರ್ಮಾಮೀಟರ್ ಕಡ್ಡಿಗಳು. ಒಂದು ಒಣ ಕಡ್ಡಿ. ಅದು ಶಾಖ ಹೇಳುತ್ತದೆ, ನೂರು ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಇನ್ನೊಂದು ಹಸಿ ಕಡ್ಡಿ. ಅದರ ಬುಡಕ್ಕೆ ಸುತ್ತಿದ ಬತ್ತಿ ಪುಟ್ಟ ಬಟ್ಟಲಿನ ನೀರು ಹೀರುತ್ತದೆ. ಗಾಳಿ ಒಣಗಿದಷ್ಟೂ ಬತ್ತಿಯ ನೀರು ಬೇಗ ಆರಿ ಹಸಿ ಕಡ್ಡಿ ಕೆಳಗಿಳಿಯುತ್ತದೆ, ತೇವ ಹೆಚ್ಚಿದರೆ ಮೇಲೇರುತ್ತದೆ. ಎಂಬತ್ತಾರರ ಆಸುಪಾಸು ಇದ್ದರೆ ಸರಿ. ಮೂರನೇ ಇಯತ್ತೆ ಓದಿದ ಬೀರಣ್ಣನಿಗೆ ಅಂಕಿ ಓದಲು ತೊಂದರೆಯಿರಲಿಲ್ಲ.

ಎಪ್ಪತ್ತೆಂಟರ ಮಳೆಗಾಲದಲ್ಲಿ ಎರಡು ಸಲ ಮರಿಗಳು ಚೆನ್ನಾಗಿಯೇ ಹುಟ್ಟಿದವು. ಆಮೇಲೆ ಲಕ್ಷ್ಮಪ್ಪನವರ ಕಾಗದ ಬಂತು: ಹಳೆಯ ಬತ್ತಿ ಕೊಳೆಯಾಗಿರುತ್ತದೆ, ಪ್ರತಿ ಕಾವಿಗೂ ಹೊಸ ಬತ್ತಿ ಹಾಕು. ಬತ್ತಿ ಎಂದರೆ ಯಾವ ಬತ್ತಿ ಎಂದು ಅವರು ಬರೆಯಲಿಲ್ಲ, ಇವನೂ ಕೇಳಲಿಲ್ಲ. ಗೋಡೆಯಾಚೆಯ ಮನೆಯ ಕಾಶವ್ವ ಇದ್ದಾಳಲ್ಲ! ಲಿಂಗಾಯತರ ಮುದುಕಿ, ಓಣಿಯ ಅರ್ಧ ಮನೆಗಳ ದೇವರ ಗೂಡಿಗೆ ಬತ್ತಿ ಹೊಸೆದು ಕೊಡುವವಳು. ಮೊಟ್ಟೆ ಇರುವ ಆ ಕೋಣೆಯ ಹೊಸ್ತಿಲನ್ನು ಒಮ್ಮೆಯೂ ತುಳಿದವಳಲ್ಲ. ಆದರೂ ಜೀವ ಹುಟ್ಟಿಸುವ ಕೆಲಸಕ್ಕೆ ಬತ್ತಿ ಇಲ್ಲವೆನ್ನಲಾರೆ ಎಂದು, ಹೊಸ್ತಿಲಾಚೆ ನಿಂತೇ ಒಂದು ಹಿಡಿ ಬತ್ತಿಯನ್ನು ಸಾತವ್ವನ ಕೈಗೆ ಹಾಕಿದಳು.

ಜನವರಿಯ ಕಾವು ಮಣ್ಣುಪಾಲಾಯಿತು. ಇನ್ನೂರ ನಲವತ್ತು ಮೊಟ್ಟೆಗೆ ಮೂವತ್ತೊಂದು ಮರಿ. ಉಳಿದವು ಚಿಪ್ಪಿನೊಳಗೇ ಅಂಟಿಕೊಂಡು ಸತ್ತಿದ್ದವು. ರೈಲಿಗೆ ಬಂದ ಲಕ್ಷ್ಮಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಇನ್ನೊಂದು ಕಾವು ನೋಡುತ್ತೇನೆ, ಅರ್ಧದಷ್ಟಾದರೂ ಮರಿ ಆಗದಿದ್ದರೆ ಪೆಟ್ಟಿಗೆ ಬೆಳಗಾವಿಗೆ ಹೋಗುತ್ತದೆ ಎಂದಷ್ಟೇ ಹೇಳಿ ಹೋದರು. ಪೆಟ್ಟಿಗೆ ಬೆಳಗಾವಿಗೆ ಹೋದರೆ ಬೀರಣ್ಣ ಬೀಡಿಗೆ, ಅದೇ ಕಟ್ಟೆಗೆ.

ಫೆಬ್ರುವರಿಯಲ್ಲಿ ಮೊಟ್ಟೆ ಇಟ್ಟ ಮೊದಲ ದಿನದಿಂದಲೇ ಹಸಿ ಕಡ್ಡಿ ತೊಂಬತ್ಮೂರು ತೋರಿಸುತ್ತಿತ್ತು. ತೇವ ವಿಪರೀತ ಆಯಿತೆಂದು ಬೀರಣ್ಣ ನೀರಿನ ತಟ್ಟೆಯನ್ನೇ ಹೊರಗಿಟ್ಟ. ಹದಿನಾಲ್ಕನೆಯ ದಿನ ಮೊಟ್ಟೆಗಳನ್ನು ಒಂದೊಂದಾಗಿ ಟಾರ್ಚಿನ ಮುಂದೆ ಹಿಡಿದು ನೋಡಿದ. ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಯ ಜಾಗ ದಿನದಿನಕ್ಕೆ ಎಷ್ಟು ಹಿಗ್ಗಬೇಕೆಂದು ಲಕ್ಷ್ಮಪ್ಪ ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದರು. ಹದಿನೆಂಟನೆಯ ದಿನದ ಗೆರೆಯನ್ನು ಅದು ಆಗಲೇ ದಾಟಿತ್ತು. ಒಳಗಿನ ಪಸೆಯೆಲ್ಲ ಆರಿಹೋಗುತ್ತಿದೆ ಎಂದೇ ಅದರ ಅರ್ಥ. ಕಡ್ಡಿ ಹಸಿ ಎನ್ನುತ್ತಿದೆ, ಮೊಟ್ಟೆ ಒಣ ಎನ್ನುತ್ತಿದೆ. ಯಾರನ್ನು ನಂಬಬೇಕು?

ಬೀರಣ್ಣ ತಡಮಾಡಲಿಲ್ಲ. ಕುಂಟುತ್ತಲೇ ಓಡಿ ಕಂಪೌಂಡರ್ ಚನ್ನಬಸಯ್ಯನ ಹತ್ತಿರ ಜ್ವರ ನೋಡುವ ಥರ್ಮಾಮೀಟರ್ ಬೇಡಿ ತಂದ. ಒಣ ಕಡ್ಡಿಯನ್ನು ಬಿಚ್ಚಿ, ಹಸಿ ಕಡ್ಡಿಯನ್ನೂ ಬತ್ತಿ ಕಳಚಿ, ಮೂರನ್ನೂ ಒಂದೇ ಚರಿಗೆಯ ಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿದ. ಬಗ್ಗಿ ನೋಡಿದರೆ ಮೂರೂ ನೂರೊಂದು. ಕಡ್ಡಿಗಳು ಸುಳ್ಳು ಹೇಳುತ್ತಿರಲಿಲ್ಲ. ಹಾಗಾದರೆ ಉಳಿದದ್ದು ಬತ್ತಿ.

ಕಳಚಿಟ್ಟ ಬತ್ತಿಯನ್ನು ಬೆರಳಲ್ಲಿ ಹಿಸುಕಿದ. ಕೆಳತುದಿ ಒದ್ದೆ, ಮೇಲೆ ಗಟ್ಟಿ, ಒಣಕಲು. ಬೆರಳು ಬೆಳ್ಳಗಾಯಿತು. ವಿಭೂತಿ, ಓಣಿಯವರ ಬಾಯಲ್ಲಿ ಈಬತ್ತಿ. ಹತ್ತಿ ಜಾರದಿರಲೆಂದು ಕಾಶವ್ವ ಬೆರಳಿಗೆ ವಿಭೂತಿ ಸವರಿಕೊಂಡೇ ಬಿಗಿಯಾಗಿ ಬತ್ತಿ ಹೊಸೆಯುತ್ತಿದ್ದಳು. ದೇವರ ದೀಪಕ್ಕೆ ಅದು ಸರಿ. ನೀರು ಮಾತ್ರ ಅದರಲ್ಲಿ ಮೇಲೇರಲಿಲ್ಲ. ಹಸಿ ಕಡ್ಡಿ ಹಸಿಯಾಗಿಯೇ ಇರಲಿಲ್ಲ, ಅದಕ್ಕೇ ಕೆಳಗಿಳಿಯದೆ ತೇವ ಹೆಚ್ಚಿದಂತೆ ತೋರಿಸಿತ್ತು.

ಸಾತವ್ವನ ಸಿಟ್ಟು ನೆತ್ತಿಗೇರಿತು. "ಆ ಮುದುಕಿ ನಮಗ ಖರೇನ ಬತ್ತಿ ಇಟ್ಟಾಳ. ಈಗ ಹೋಗಿ ಕೇಳತೇನಿ," ಎಂದು ಸೆರಗು ಬಿಗಿದಳು.

ಬೀರಣ್ಣ ಅವಳ ರಟ್ಟೆ ಹಿಡಿದ. "ಆಕಿ ಮಾಡಿದ್ದು ಉಪಕಾರ. ನೋಡಲಾರದ ಕಟ್ಟಿದಾಂವ ನಾನು. ಈ ಮಾತು ಈ ಗ್ವಾಡಿ ದಾಟಬಾರದು."

ಆ ಗೋಡೆ ಎಷ್ಟು ತೆಳುವೆಂದರೆ ಆಚೆ ಮನೆಯ ಕೆಮ್ಮು ಈಚೆ ಕೇಳುತ್ತಿತ್ತು. ಸಿಟ್ಟಿನಲ್ಲಿ ಇಬ್ಬರಿಗೂ ಅದು ಮರೆತುಹೋಗಿತ್ತು.

ಸಾತವ್ವನ ಹಳೆಯ ಸೀರೆಯ ಒಂದು ಪಟ್ಟಿ ಹರಿದು ಕಟ್ಟಿದರು. ಅರ್ಧ ಗಂಟೆಯಲ್ಲಿ ಹಸಿ ಕಡ್ಡಿ ಎಂಬತ್ತಕ್ಕೆ ಇಳಿಯಿತು. ಮರಿಗಳನ್ನು ಹದಿನಾಲ್ಕು ದಿನ ಒಣಗಿಸಿದ್ದೇನೆ ಎಂದು ಬೀರಣ್ಣ ತಲೆ ಹಿಡಿದುಕೊಂಡು ಕೂತ. ಕೂತು ಪ್ರಯೋಜನವಿರಲಿಲ್ಲ. ನೀರಿನ ತಟ್ಟೆ ಒಳಗೆ ಹೋಯಿತು, ಅದರ ಮೇಲೆ ಒದ್ದೆ ಗೋಣಿಯ ತುಂಡು ಹೋಯಿತು. ಆ ಏಳು ದಿನ ಅವನು ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ತಾಸಿಗೊಮ್ಮೆ ಕಿಂಡಿಗೆ ಹಣೆ ಹಚ್ಚಿ ಕೂರುತ್ತಿದ್ದ.

ಇಪ್ಪತ್ತೊಂದನೆಯ ದಿನ ಬೆಳಗಿನ ರೈಲಿಗೆ ಲಕ್ಷ್ಮಪ್ಪ ಬಂದರು. ಪೆಟ್ಟಿಗೆ ಒಯ್ಯಲು ಟೆಂಪೋ ಕೂಡ ಹೇಳಿ ಬಂದಿದ್ದರು. ಗಾಜಿನ ಹಿಂದೆ ಮರಿಗಳು ಒಂದರ ಮೇಲೊಂದು ಬಿದ್ದು ಹೊರಳುತ್ತಿದ್ದವು. ಎಷ್ಟಿವೆ ಎಂದು ಗೊತ್ತಾಗುತ್ತಿರಲಿಲ್ಲ. ಲಕ್ಷ್ಮಪ್ಪ ಬಾಗಿಲಿಗೆ ಕೈ ಹಾಕಿದರು.

ಬೀರಣ್ಣ ಅಡ್ಡ ನಿಂತ. "ತೆಗೀಬ್ಯಾಡ್ರಿ ಸಾಹೇಬ್ರ. ಈಗ ತೆಗದರ ಹಸಿ ಹೊರಗ ಹೋಗತೈತಿ, ಉಳದಾವು ಚಿಪ್ಪಿನ್ಯಾಗ ಸಾಯತಾವು. ಸಂಜಿತನಕ ಕುಂದರ್ರಿ."

ಪಲ್ಟಣದ ಮನುಷ್ಯನಿಗೆ ಯಾರೂ ಹಾಗೆ ಅಡ್ಡ ನಿಂತಿರಲಿಲ್ಲ. ಅವರು ಕೈ ಹಿಂದೆಗೆದು ಕುರ್ಚಿಯಲ್ಲಿ ಕೂತರು. ಟೆಂಪೋದವನು ಎರಡು ಸಲ ಹಾರ್ನ್ ಹೊಡೆದ. ಯಾರೂ ಏಳಲಿಲ್ಲ.

ಐದಕ್ಕೆ ಬಾಗಿಲು ತೆಗೆದರು. ಸಾತವ್ವ ಒಂದೊಂದಾಗಿ ಬುಟ್ಟಿಗೆ ಬಿಡುತ್ತ ಹೋದಳು. ಎಣಿಸುತ್ತ ಬೀರಣ್ಣನ ತುಟಿ ಅಲುಗುತ್ತಿತ್ತು, ಅರ್ಧದ ಲೆಕ್ಕ ನೂರಿಪ್ಪತ್ತು ದಾಟಿದಾಗ ನಿಂತುಬಿಟ್ಟಿತು. ಒಟ್ಟು ನೂರ ಮೂವತ್ತನಾಲ್ಕು.

ಲಕ್ಷ್ಮಪ್ಪ ಟೆಂಪೋದವನನ್ನು ಖಾಲಿ ಕಳಿಸಿ, ಹೋದ ಸಲ ಎಲ್ಲಿ ತಪ್ಪಿತ್ತು ಎಂದು ಕೇಳಿದರು. ಬಾಗಿಲಾಚೆ ಕಾಶವ್ವ ನಿಂತಿದ್ದಳು.

"ಬತ್ತಿ ಒಣಗಿತ್ತರಿ," ಎಂದ ಬೀರಣ್ಣ. "ನಾ ಮುಟ್ಟಿ ನೋಡಿರಲಿಲ್ಲ. ತಪ್ಪು ನಂದರಿ."

ಮರುದಿನ ಮುಂಜಾನೆ ಅವನು ಪೆಟ್ಟಿಗೆ ತೊಳೆಯುತ್ತಿದ್ದಾಗ ಕಾಶವ್ವ ಬಂದಳು. ಈ ಸಲ ಹೊಸ್ತಿಲಾಚೆ ನಿಲ್ಲಲಿಲ್ಲ. ಒಳಗೆ ಬಂದು, ಬಾಳೆಲೆಯಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಅವನ ಒದ್ದೆ ಕೈಯಲ್ಲಿಟ್ಟಳು. ಒಳಗೆ ಸಡಿಲವಾಗಿ ಹೊಸೆದ ಬತ್ತಿಗಳಿದ್ದವು.

"ತಮ್ಮಾ, ಇವಕ್ಕ ಈಬತ್ತಿ ಹಚ್ಚಿಲ್ಲ," ಎಂದಳು. "ಬರೇ ನೀರು."