ಹರಳಿನ ಗಡಿಯಲ್ಲಿ ಕಂಡದ್ದು

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೋಣೆಯನ್ನು ಪ್ರವೇಶಿಸುವ ಮುನ್ನ ಹಣೆಯ ವಿಭೂತಿಯನ್ನು ಒರೆಸಿಕೊಳ್ಳಬೇಕೆಂಬುದು ಅಲ್ಲಿಯ ನಿಯಮ. ಬಾಗಿಲ ಪಕ್ಕದ ಮೊಳೆಗೆ ಒದ್ದೆ ಬಟ್ಟೆಯೊಂದನ್ನು ನನಗಾಗಿಯೇ ನೇತುಹಾಕಿರುತ್ತಿದ್ದರು. ಬೆಳಗಿನ ಪೂಜೆಯಲ್ಲಿ ಮೂರು ಬೆರಳುಗಳಿಂದ ಧರಿಸಿದ್ದನ್ನು ಹೊತ್ತೇರುವುದರೊಳಗೆ ಅದೇ ಕೈಯಿಂದ ಅಳಿಸುವುದು ಮೊದಮೊದಲು ಮನಸ್ಸಿಗೆ ಒಗ್ಗಿರಲಿಲ್ಲ. ಬರಬರುತ್ತಾ, ದೇವಾಲಯದ ಹೊಸ್ತಿಲಲ್ಲಿ ಪಾದರಕ್ಷೆ ಬಿಡುವಂತೆ ಇದೂ ಒಂದು ಶೌಚವೆಂದು ತಿಳಿದುಕೊಂಡೆ. ಯಂತ್ರವನ್ನು ನಡೆಸುತ್ತಿದ್ದಾತ ನಡುವಯಸ್ಸು ದಾಟಿದ ಗೃಹಸ್ಥ. ಮಾತಿನಲ್ಲಿ ಸಲಿಗೆ ಹೆಚ್ಚು. "ಚೆನ್ನಾಗಿ ಒರೆಸ್ಕೊಂಡು ಬನ್ನಿ ಸಾರ್. ಒಂದು ಚೂರು ಒಳಗೆ ಬಿತ್ತು ಅಂದ್ರೆ ಮಿಷನ್ನು ಸೀದಾ ಕೈಲಾಸಕ್ಕೆ" ಎನ್ನುತ್ತಿದ್ದ. ನಾನು ನಕ್ಕು ಇನ್ನೊಮ್ಮೆ ಒರೆಸಿಕೊಳ್ಳುತ್ತಿದ್ದೆ.

ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿದವನು ನಾನು. ಅನಂತರ ಭೌತಶಾಸ್ತ್ರ ಕಲಿತು, ಅದನ್ನೇ ಬೋಧಿಸಿ ನಿವೃತ್ತನಾದೆ. ಕೆಂಗೇರಿಯಾಚೆಯ ಒಂದು ಪ್ರಯೋಗಾಲಯದವರು, ಸಂಶೋಧನಾ ವಿದ್ಯಾರ್ಥಿಗಳಿಗೆ ಸೂಕ್ಷ್ಮದರ್ಶಕದ ಚಿತ್ರಗಳನ್ನು ಓದಲು ನೆರವಾಗಿರೆಂದು ಕರೆದಾಗ ಸಂತೋಷದಿಂದ ಒಪ್ಪಿಕೊಂಡಿದ್ದೆ. ಹೊಸಹಳ್ಳಿಯ ನಮ್ಮ ಮನೆಯಿಂದ ಮೆಟ್ರೋ ಹಿಡಿದರೆ ಜಪಮಾಲೆ ಮುಗಿಯುವುದರೊಳಗೆ ಕೆಂಗೇರಿ ಬರುತ್ತದೆ. ಆ ಯಂತ್ರದ ಮುಂದೆ ಕುಳಿತಾಗಲೆಲ್ಲ ನನಗೆ ಗರ್ಭಗುಡಿಯ ಮುಂದೆ ಕುಳಿತ ಭಾವವೇ ಬರುತ್ತಿತ್ತು. ಗಾಳಿಯನ್ನೆಲ್ಲ ಹೊರದೂಡಿದ ಉಕ್ಕಿನ ಗೂಡಿನೊಳಗೆ ಎಲೆಕ್ಟ್ರಾನುಗಳ ಸಣ್ಣ ಧಾರೆಯೊಂದು ವಸ್ತುವಿನ ಮೇಲೆ ಬೀಳುತ್ತದೆ. ಬಿದ್ದಲ್ಲಿಂದ ಕ್ಷ-ಕಿರಣಗಳು ಹೊಮ್ಮುತ್ತವೆ. ಪ್ರತಿಯೊಂದು ಧಾತುವಿನ ಕಿರಣಕ್ಕೂ ತನ್ನದೇ ಆದ ಶಕ್ತಿ. ಪರದೆಯ ಮೇಲೆ ಅವು ಶಿಖರಗಳಾಗಿ ಏಳುತ್ತವೆ. ಅದನ್ನು ರೋಹಿತವೆನ್ನುತ್ತೇವೆ. ಯಾವ ಶಿಖರ ಯಾರದೆಂದು ಬಲ್ಲವರಿಗೆ ವಸ್ತು ತನ್ನ ಗೋತ್ರಪ್ರವರವನ್ನು ತಾನೇ ಹೇಳಿಕೊಂಡಂತೆ.

ಆ ವಿದ್ಯಾರ್ಥಿಗಳಲ್ಲೊಬ್ಬ ಹೆಣ್ಣುಮಗಳು ನನ್ನ ಬಳಿ ಬಂದಾಗ ಅವಳ ಸಂಶೋಧನೆಯ ಅವಧಿ ಮುಗಿಯುತ್ತ ಬಂದಿತ್ತು. ಮೂಡಲಪಾಳ್ಯ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿಯೇ ಬೇಸಾಯ ಮಾಡಿಕೊಂಡಿದ್ದ ಮನೆತನ ಅವಳದು. ವಿಜಯನಗರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು, ಆ ಕೆಲಸ ಬಿಟ್ಟು ಸಂಶೋಧನೆಗೆ ಸೇರಿದ್ದಳು. ಅವಳು ಮಾಡುತ್ತಿದ್ದುದು ನಾಣ್ಯದಷ್ಟಗಲದ ಬಿಳಿಯ ಬಿಲ್ಲೆಗಳನ್ನು. ಮುಂದೊಂದು ದಿನ ದ್ರವವೇ ಇಲ್ಲದ, ಬೆಂಕಿ ಹತ್ತದ ಬ್ಯಾಟರಿಗಳಲ್ಲಿ ಲಿಥಿಯಂ ಹಾದುಹೋಗಲೆಂದು ರೂಪಿಸುವ ಪಿಂಗಾಣಿ ಅದು. ಅಂಥ ಬಿಲ್ಲೆಗಳು ಕುಲುಮೆಯಲ್ಲೇ ಬಿರುಕು ಬಿಡುವುದು ಸಾಮಾನ್ಯ. ಅವಳವು ಬಿರಿಯುತ್ತಿರಲಿಲ್ಲ. ತಾನು ಬೆರೆಸಿದ ಗ್ಯಾಲಿಯಂ ಎಂಬ ಲೋಹ ಹರಳು ಹರಳುಗಳ ನಡುವಣ ಗಡಿಯಲ್ಲಿ ನೆಲೆಸಿ ಅವನ್ನು ಬೆಸೆಯುತ್ತದೆಂಬುದು ಅವಳ ಪ್ರಬಂಧದ ತಿರುಳು. ಪರೀಕ್ಷಕರು ಅದನ್ನು ಕಣ್ಣಿಗೆ ಕಾಣಿಸಿರೆಂದು ಕೇಳಿದ್ದರು. ಕೊಟ್ಟ ಕಡೆಯ ವಿಸ್ತರಣೆ ಆ ತಿಂಗಳ ಕೊನೆಗೆ ತೀರುತ್ತಿತ್ತು. ಅಷ್ಟರಲ್ಲಿ ಕಾಣಿಸದಿದ್ದರೆ ನೋಂದಣಿ ರದ್ದು, ಅಷ್ಟೂ ವರ್ಷಗಳು ವ್ಯರ್ಥ. ಇಷ್ಟು ವರ್ಷ ಓದಿ ನಿಪ್ಪಟ್ಟು ಸುಡೋದು ಕಲಿತಳೆಂದು ಅಣ್ಣಂದಿರು ಹಂಗಿಸುತ್ತಾರೆಂದು ಅವಳೇ ಹೇಳಿ ನಕ್ಕಿದ್ದಳು. ಆ ನಗು ತುಟಿಯಿಂದ ಮೇಲೇರಲಿಲ್ಲ.

ಬಿಲ್ಲೆಯೊಂದನ್ನು ಮುರಿದು, ಮುರಿದ ಹೊಸ ಮೈಯನ್ನು ಯಂತ್ರದೊಳಗಿಟ್ಟೆವು. ಪರದೆಯ ಮೇಲೆ ಹರಳುಗಳು ಒತ್ತೊತ್ತಾಗಿ ಕೂತ ಜೇನುಹುಟ್ಟಿನಂತೆ ತೋರಿದವು. ಗ್ಯಾಲಿಯಂ ಎಲ್ಲಿದೆಯೆಂದು ಹುಡುಕಿದರೆ ಅದು ಹಿಟ್ಟಿನೊಳಗಿನ ಉಪ್ಪಿನಂತೆ ಎಲ್ಲೆಡೆಯೂ ಸಮನಾಗಿ ಹರಡಿತ್ತು. ಗಡಿಯಲ್ಲಿ ಅದರ ಸಾಂದ್ರತೆ ಎಳ್ಳಷ್ಟೂ ಹೆಚ್ಚಿರಲಿಲ್ಲ. ಗಡಿಯಲ್ಲಿ ಬೇರೆ ಯಾರೋ ಮನೆಮಾಡಿಕೊಂಡಿದ್ದರು: ಪೊಟ್ಯಾಸಿಯಂ, ಕ್ಯಾಲ್ಸಿಯಂ, ಸಿಲಿಕಾನ್, ಸ್ವಲ್ಪ ಮೆಗ್ನೀಸಿಯಂ. ಈ ನಾಲ್ಕನ್ನೂ ಅವಳು ಬೆರೆಸಿಯೇ ಇರಲಿಲ್ಲ. ಇನ್ನೊಂದು ಬಿಲ್ಲೆ ಮುರಿದೆವು. ಮತ್ತೆ ಅದೇ ನಾಲ್ವರು. "ಇದೇನ್ ಸಾರ್, ಯಾರದೋ ಅಡುಗೆಮನೆ ಬಂದು ಕೂತಿದೆ" ಎಂದ ಯಂತ್ರದವನು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಪರದೆಯನ್ನೇ ನೋಡುತ್ತಿದ್ದಳು.

ಅವಳ ಮಾರ್ಗದರ್ಶಕರು ದೂರವಾಣಿಯಲ್ಲಿ ಒಂದು ದಾರಿ ಸೂಚಿಸಿದರು. ಗ್ಯಾಲಿಯಂ ಕಂಡಿತೆಂದಷ್ಟೇ ನಾನು ಬರೆದುಕೊಟ್ಟರೆ ಸಾಕಂತೆ. ಅದು ಸುಳ್ಳಲ್ಲ, ಕಂಡದ್ದಂತೂ ನಿಜ. ಎಲ್ಲಿ ಕಂಡಿತು, ಜೊತೆಗೆ ಇನ್ನೇನು ಕಂಡಿತು ಎಂಬುದನ್ನು ಮಾತ್ರ ಬಿಡಬೇಕು. ಪಾಠಶಾಲೆಯಲ್ಲಿ ನನಗೆ ತರ್ಕ ಕಲಿಸಿದ ಗುರುಗಳು, ಅರ್ಧ ಹೇಳಿದ ಸಾಕ್ಷಿಯನ್ನು ಪೂರ್ತಿ ಸುಳ್ಳಿಗಿಂತ ಕೀಳೆಂದು ಎಣಿಸುತ್ತಿದ್ದರು. ಆದರೆ ಗುರುಗಳ ಮುಂದೆ ಆ ಹೆಣ್ಣುಮಗಳು ನಿಂತಿರಲಿಲ್ಲ. ಯೋಚಿಸುತ್ತೇನೆಂದು ಹೇಳಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತು ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯುವಾಗ ಕೈ ಅಲ್ಲಿಗೇ ನಿಂತಿತು. ಹುಲ್ಲಿನಲ್ಲಿ ಸಿಲಿಕಾನ್ ಇದೆ, ಪೊಟ್ಯಾಸಿಯಂ ಇದೆ. ಹುಲ್ಲು ತಿಂದ ಹಸುವಿನ ಸಗಣಿಯಲ್ಲಿ ಅವೆರಡೂ ಇವೆ, ಕ್ಯಾಲ್ಸಿಯಮ್ಮೂ ಮೆಗ್ನೀಸಿಯಮ್ಮೂ ಇವೆ. ಸುಟ್ಟರೆ ಉಳಿದೆಲ್ಲ ಹೊಗೆಯಾಗಿ ಹೋಗುತ್ತದೆ. ಈ ನಾಲ್ಕು ಉಳಿಯುತ್ತವೆ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುವುದು ತರ್ಕದ ಮೊದಲ ಪಾಠ. ಹರಳಿನ ಗಡಿಯಲ್ಲಿ ನಾವು ಕಂಡದ್ದು ಬೂದಿಯನ್ನು. ತೇಯ್ದ ಗಟ್ಟಿಯಿಂದ ಒಂದು ಚೂರು ಮುರಿದು ಕಾಗದದಲ್ಲಿ ಸುತ್ತಿಕೊಂಡು ಹೊರಟೆ.

ಕುಲುಮೆಯ ಬಳಿ ಪೂಜೆಯೇನಾದರೂ ಮಾಡುವ ರೂಢಿಯಿದೆಯೇ ಎಂದು ಅವಳನ್ನು ಕೇಳಿದೆ. ಅವಳು ಸಂಕೋಚವಿಲ್ಲದೆ ಹೇಳಿದಳು. ಅವರ ಮನೆಯಲ್ಲಿ ಯಾವ ಒಲೆಯನ್ನಾಗಲಿ ವಿಭೂತಿ ಇಡದೆ ಹಚ್ಚುವುದಿಲ್ಲವಂತೆ. ಹಿಂದೆ ಹೊಲದಂಚಿನ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಏರಿಸುವಾಗಲೂ ಅಜ್ಜಿ ಹಾಗೆಯೇ ಮಾಡುತ್ತಿದ್ದರಂತೆ. ಇಲ್ಲಿಯೂ ಬಿಲ್ಲೆಗಳನ್ನು ಮೂಸೆಯಲ್ಲಿಟ್ಟು, ಅವುಗಳನ್ನು ಅದೇ ಜಾತಿಯ ಪುಡಿಯಿಂದ ಮುಚ್ಚಿ, ಎಲ್ಲಕ್ಕೂ ಮೇಲೆ ಚಿಟಿಕೆ ವಿಭೂತಿ ಉದುರಿಸಿ, ಕೈಮುಗಿದು ಕುಲುಮೆಯ ಬಾಗಿಲು ಹಾಕುತ್ತಿದ್ದಳು. ಮುಚ್ಚುವ ಪುಡಿ ದುಬಾರಿ. ಅದನ್ನು ಚೆಲ್ಲದೆ ಮತ್ತೆ ಮತ್ತೆ ಬಳಸುತ್ತಿದ್ದರು. ಪ್ರತಿ ಸಲವೂ ಒಂದು ಚಿಟಿಕೆ ಅದರಲ್ಲಿ ಸೇರುತ್ತ ಹೋಗಿತ್ತು. ಬೆರೆಸಿದ ಪ್ರತಿಯೊಂದು ರಾಸಾಯನಿಕವನ್ನೂ ತೂಗಿ ಹಾಕುತ್ತಿದ್ದ ಈಕೆಗೆ, ಇದೂ ಒಂದು ದ್ರವ್ಯವೆಂದು ಒಮ್ಮೆಯೂ ತೋಚಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ನನಗೂ ತೋಚುತ್ತಿರಲಿಲ್ಲ. ಆಶೀರ್ವಾದವನ್ನು ಯಾರು ತೂಗುತ್ತಾರೆ?

ಹೇಳಿ ಮುಗಿಸುವಷ್ಟರಲ್ಲಿ ನಾನು ಏಕೆ ಕೇಳಿದೆನೆಂಬುದು ಅವಳಿಗೆ ಅರ್ಥವಾಗಿತ್ತು. ಹತ್ತಿರದ ಕುರ್ಚಿಯನ್ನು ಎಳೆದುಕೊಂಡು ಕುಳಿತಳು.

ಊಹೆ ಊಹೆಯೇ, ನೋಡಿಯೇ ಬಿಡೋಣವೆಂದು ನಾನು ಕಾಗದದ ಪೊಟ್ಟಣ ಬಿಚ್ಚಿದೆ. ಯಂತ್ರದವನು ವಿಭೂತಿಯ ಕಣಗಳನ್ನು ಅಂಟುಪಟ್ಟಿಯ ಮೇಲೆ ಉದುರಿಸಿ, ಅವುಗಳಿಗೆ ಚಿನ್ನದ ಸೂಕ್ಷ್ಮ ಲೇಪ ಕೊಟ್ಟ. ಎಲೆಕ್ಟ್ರಾನುಗಳು ನಿಲ್ಲದೆ ಹರಿದುಹೋಗಲು ಹಾಗೆ ಮಾಡಬೇಕು. ಸರ್ವಸಂಗ ಪರಿತ್ಯಾಗದ ಗುರುತಾದ ಭಸ್ಮಕ್ಕೆ ಚಿನ್ನ ಬಳಿಯುವುದನ್ನು ನೋಡುತ್ತ ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಜಪಿಸುತ್ತಿದ್ದೆ. ಶಿಖರಗಳು ಎದ್ದವು. ಕ್ಯಾಲ್ಸಿಯಂ, ಅದರ ಸಮಕ್ಕೆ ಗಂಧಕ, ಪಕ್ಕದಲ್ಲಿ ತುಸು ಟೈಟೇನಿಯಂ. ಪೊಟ್ಯಾಸಿಯಂ ಇರಲಿಲ್ಲ. ಸಿಲಿಕಾನ್ ಇರಲಿಲ್ಲ.

"ಹಾಗಾದ್ರೆ ವಿಭೂತಿ ಅಲ್ಲ ಅಲ್ವಾ ಸಾರ್?" ಅವಳು ಎದ್ದು ನಿಂತಿದ್ದಳು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಬೆಳಕಿತ್ತು. "ಬೇರೆ ಏನೋ ಇರ್ಬೇಕು. ಮೂಸೆದೇ ಇರ್ಬೋದು. ನೀವು ಗ್ಯಾಲಿಯಂ ಇದೆ ಅಂತ ಬರ್ಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಯಂತ್ರದವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಇದು ಜಿಪ್ಸಂ ಸಾರ್. ಬಿಳುಪಿಗೆ ಒಂಚೂರು ಪೇಂಟ್ ಪುಡಿ. ನಮ್ಮನೆ ಫಾಲ್ಸ್ ಸೀಲಿಂಗು ಇದೇನೇ."

ಅವನು ಹಾಸ್ಯಕ್ಕೆಂದೇ ಹೇಳಿದ. ಆದರೆ ರಾಜಾಜಿನಗರದ ಗ್ರಂಥಿಗೆ ಅಂಗಡಿಯಿಂದ ವರ್ಷಗಳಿಂದ ತರುತ್ತಿದ್ದ ಗಟ್ಟಿ ಅದು. ತಂದೆಯ ಶ್ರಾದ್ಧದಲ್ಲಿ ಧರಿಸಿದ್ದು ಅದನ್ನೇ. ಹೆಂಡತಿಯ ಕೊನೆಗಾಲದಲ್ಲಿ ಅವಳ ಹಣೆಗೆ ಹಚ್ಚಿದ್ದೂ ಅದನ್ನೇ. ಬೆಂಕಿಯನ್ನೇ ಕಾಣದ ಜಿಪ್ಸಂ ಕಲ್ಲನ್ನು ಭಸ್ಮವೆಂದು ನಂಬಿ, ಮಂತ್ರ ಹೇಳಿ, ಮೂರು ಬೆರಳಲ್ಲಿ ಎಳೆದುಕೊಂಡಿದ್ದೆ.

ಆ ಹೊತ್ತಿನಲ್ಲಿ ನಾನು ಸುಮ್ಮನಿದ್ದುಬಿಡಬಹುದಿತ್ತು. ಅವಳು ಆಗಲೇ ಮಾರ್ಗದರ್ಶಕರಿಗೆ ಹೇಳಲು ದೂರವಾಣಿಯನ್ನು ಕೈಗೆತ್ತಿಕೊಂಡಿದ್ದಳು. ವಿಭೂತಿಯನ್ನು ಪರೀಕ್ಷಿಸಿ ನೋಡಿದೆವು, ಹೊಂದಲಿಲ್ಲ. ಅಷ್ಟೇ ಹೇಳಿದ್ದರೂ ಯಾರೂ ಮುಂದೆ ಕೇಳುತ್ತಿರಲಿಲ್ಲ. ಆದರೆ ಹೊಂದದೆ ಹೋದದ್ದು ನನ್ನ ವಿಭೂತಿ. ವಿಭೂತಿಯಲ್ಲದ ವಿಭೂತಿ. ಪರಮೇಶ್ವರಾ, ಈ ಮಾತು ನನ್ನ ಬಾಯಿಂದ ಬಾರದಿರಲಿ ಎಂದುಕೊಂಡೆ. ಆದರೂ ಬಂದಿತು.

"ನಿಮ್ಮನೆ ವಿಭೂತಿ ಎಲ್ಲಿಂದ ತರ್ತೀರಮ್ಮಾ?"

"ತರೋದಿಲ್ಲ ಸಾರ್. ಇನ್ನೂ ಎರಡು ಹಸು ಇಟ್ಕೊಂಡಿದೀವಲ್ಲ, ಶಿವರಾತ್ರಿಲಿ ಅಮ್ಮಾನೇ ಮನೇಲಿ ಸುಡ್ತಾರೆ" ಎಂದಳು. ತಾನಾಡಿದ ಕೊನೆಯ ಮಾತು ಅವಳ ಕಿವಿಗೇ ಬಿದ್ದದ್ದು ನನಗೆ ಕಂಡಿತು. ದೂರವಾಣಿಯನ್ನು ಮೆಲ್ಲನೆ ಮೇಜಿನ ಮೇಲೆ ಮಗುಚಿಟ್ಟಳು.

ಮರುದಿನ ಅವಳೇ ಮನೆಯ ವಿಭೂತಿ ತಂದಳು. ಬಿಳುಪಲ್ಲ, ತುಸು ಬೂದುಬಣ್ಣ. ಮುಟ್ಟಿದರೆ ಹಿಟ್ಟಿಗಿಂತ ಮೃದು. ಯಂತ್ರದವನು ಅಂದು ಹಾಸ್ಯ ಮಾಡಲಿಲ್ಲ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಸಿಲಿಕಾನ್, ಮೆಗ್ನೀಸಿಯಂ, ನಾಲ್ಕೂ ನಾವು ಕಂಡಿದ್ದ ಗುರುತುಗಳಲ್ಲೇ ಎದ್ದು ನಿಂತವು. ಸಂಶಯಕ್ಕೆ ಇನ್ನು ಒಂದೇ ಎಡೆಯಿತ್ತು. ಹೊಸ ಮೂಸೆ, ಹೊಸ ಪುಡಿ ತೆಗೆದುಕೊಂಡು, ವಿಭೂತಿಯಿಲ್ಲದೆ ಒಮ್ಮೆ ಸುಟ್ಟು ನೋಡುವುದು. ಗ್ಯಾಲಿಯಮ್ಮೇ ಕಾರಣವಾಗಿದ್ದರೆ ಬಿಲ್ಲೆ ಆಗಲೂ ಬಿರಿಯಬಾರದು. ಆ ಕುಲುಮೆ ಉರಿಯುತ್ತಿದ್ದಷ್ಟು ಕಾಲ ನಾನು ಮನೆಯಲ್ಲಿ ಆಹಾರ ಮುಟ್ಟಲಿಲ್ಲ. ಸತ್ಯವನ್ನು ಅರಸಬೇಕಾದವನು ದೇವರಲ್ಲಿ ಬೇಡುತ್ತಿದ್ದುದು, ಈ ಒಂದು ಸಲ ನನ್ನ ತರ್ಕ ಸುಳ್ಳಾಗಲಿ ಎಂದು. ಇಷ್ಟು ಆರ್ತನಾಗಿ ಸ್ವಂತಕ್ಕೆ ಏನನ್ನೂ ಬೇಡಿದ ನೆನಪು ನನಗಿಲ್ಲ.

ಅವಳು ಬಂದು ಅಂಗೈ ಚಾಚಿದಳು. ಬಿಲ್ಲೆ ಹಪ್ಪಳದಂತೆ ಚೂರುಚೂರಾಗಿತ್ತು.

ನಾನು ಕಂಡದ್ದನ್ನು ಕಂಡಂತೆ ಬರೆದುಕೊಟ್ಟೆ. ಬೂದಿಯೇ ಬಿಲ್ಲೆಯನ್ನು ಗಟ್ಟಿಗೊಳಿಸುತ್ತದೆಂದಾದರೆ ಅದೂ ಒಂದು ಶೋಧವಲ್ಲವೇ, ಅದನ್ನೇ ಬರೆಯಲು ಸಮಯ ಕೊಡಬಾರದೇ ಎಂದು ನಾನೇ ಮಾರ್ಗದರ್ಶಕರ ಮನೆಗೆ ಹೋಗಿ ಕೇಳಿದೆ. ಅವರು ಕಠಿಣರಲ್ಲ. ಅದನ್ನು ಅಳೆದು, ತೂಗಿ, ಮತ್ತೆ ಮತ್ತೆ ಸುಟ್ಟು ಸಾಧಿಸಲು ಇನ್ನೆರಡು ವರ್ಷ ಬೇಕು, ನಿಯಮದಲ್ಲಿ ಇನ್ನೊಂದು ದಿನವೂ ಇಲ್ಲ ಎಂದರು. ಆದರೂ ಮನವಿ ಸಲ್ಲಿಸಿದೆವು. ಅದು ತಿರಸ್ಕೃತವಾಯಿತು, ಅವಳ ನೋಂದಣಿ ರದ್ದಾಯಿತು.

ತನ್ನ ಸಾಮಾನು ತೆಗೆದುಕೊಂಡು ಹೊರಟ ದಿನ ಅವಳು ನನ್ನ ಜೊತೆಯಲ್ಲೇ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದಳು. ವಿಜಯನಗರ ಹತ್ತಿರವಾದಾಗ ಚೀಲದಿಂದ ಚಿಕ್ಕದೊಂದು ಬಟ್ಟೆಯ ಗಂಟು ತೆಗೆದು ನನ್ನ ಕೈಯಲ್ಲಿಟ್ಟಳು. ಅವಳ ತಾಯಿ ಸುಟ್ಟ ವಿಭೂತಿ. "ನಿಮಗಿರ್ಲಿ ಸಾರ್. ನಂಗಿನ್ನು ಯಾವ ಒಲೆಗೂ ಬೇಕಾಗಿಲ್ಲ" ಎಂದಳು. ಗಾಡಿ ನಿಂತಿತು. ಇಳಿಯುವ ಮುನ್ನ ತಿರುಗಿ, ಕೋಪವಿಲ್ಲದೆ, ಪಾಠದ ಸಂದೇಹ ಕೇಳುವಂತೆ ಕೇಳಿದಳು: "ಅವತ್ತು ನೀವು ಅದೊಂದು ಕೇಳ್ದೆ ಇದ್ದಿದ್ರೆ ಏನಾಗ್ತಿತ್ತು ಸಾರ್?"

ಉತ್ತರಕ್ಕಾಗಿ ಅವಳು ಕಾಯುತ್ತಿದ್ದಂತೆಯೇ ಹಿಂದಿನವರು ಅವಸರಪಡಿಸಿದರು. ಬಾಗಿಲು ಮುಚ್ಚಿಕೊಂಡಿತು. ನನ್ನ ನಿಲ್ದಾಣ ಅದರ ಮುಂದಿನದು. ಇಳಿಯಲು ಮರೆತು ಬಹುದೂರ ಹೋಗಿಬಿಟ್ಟೆ.

ಮನೆಯ ಪೂಜೆಯ ತಟ್ಟೆಯಲ್ಲಿ ಈಗ ಎರಡೂ ಇವೆ. ಒಂದು ಜಿಪ್ಸಂ ಕಲ್ಲು. ಅದನ್ನು ಧರಿಸಲು ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ಶುದ್ಧ ಭಸ್ಮ. ಅದರ ಗಂಟನ್ನು ಬಿಚ್ಚಲು ಕೈ ಏಳುವುದಿಲ್ಲ. ಮಂತ್ರವನ್ನು ಮಾತ್ರ ಬಿಡದೆ ಹೇಳುತ್ತೇನೆ.

ಅವಳು ಹೊರಟುಹೋದ ಮರುವಾರ ಪ್ರಯೋಗಾಲಯಕ್ಕೆ ಹೋದಾಗ ಬಾಗಿಲ ಪಕ್ಕದ ಮೊಳೆಯಲ್ಲಿ ಬಟ್ಟೆಯನ್ನು ಒದ್ದೆಮಾಡಿ ನೇತುಹಾಕಿದ್ದರು. "ಒರೆಸ್ಕೊಂಡ್ರಾ ಸಾರ್?" ಎಂದು ಒಳಗಿನಿಂದ ಯಂತ್ರದವನು ಕೂಗಿದ. ಒರೆಸಿಕೊಳ್ಳಲು ಏನೂ ಇರಲಿಲ್ಲ. ಆದರೂ ಆ ಬಟ್ಟೆಯನ್ನು ತೆಗೆದುಕೊಂಡು ಬರಿಯ ಹಣೆಯನ್ನು ಒಮ್ಮೆ ಒರೆಸಿ ಒಳಗೆ ಹೋದೆ.